ಎದುರು ಮನೆಯ ಜೊತೆ ಮುಕ್ತ ವ್ಯಾಪಾರ

೬ ಜನವರಿ ೧೯೯೨, ಸೋಮವಾರ

ಮತ್ತೆ ಲೇಟು. ಲೋಕಲ್ ರೈಲು ಕಣ್ಣೆದುರೇ ಹೋಯಿತು. ಮುಂದಿನದರಲ್ಲಿ ನೇತಾಡಿಕೊಂಡು ಹೋದೆ. ನನ್ನ ಟಿಫಿನ್ ಡಬ್ಬಿ ಒಬ್ಬನ ಬೆನ್ನಿಗೆ ಒತ್ತುತ್ತಿತ್ತಂತೆ. ದಾದರ್‌ನಿಂದ ಮಸ್ಜಿದ್ ಸ್ಟೇಷನ್‌ವರೆಗೂ ಮರಾಠಿಯಲ್ಲಿ ಬೈದ. ಅರ್ಥವಾಗದವನ ಹಾಗೆ ನಿಂತಿದ್ದೆ.

ಆಫೀಸಿನಲ್ಲಿ ಬಸವಂತರಾಯರು ಕಾದಿದ್ದರು. ನಮ್ಮ ರಫ್ತುದಾರರ ಸಂಘದ ಸೆಕ್ರೆಟರಿ, ನನ್ನ ಬಾಸ್. ಹೋದ ತಿಂಗಳು ಕೊಲಂಬೋದಲ್ಲಿ ಸಾರ್ಕ್‌ನ ಏಳು ದೇಶಗಳು ಸೇರಿ, ಒಬ್ಬರಿಗೊಬ್ಬರು ಸುಂಕ ಇಳಿಸಿಕೊಳ್ಳೋಣ ಅಂದಿವೆಯಲ್ಲ — ಅದರ ಮೇಲೆ ನೋಟ್ ಬೇಕಂತೆ. ಯಾವ ಸಾಮಾನಿಗೆ ರಿಯಾಯಿತಿ ಕೊಡಬಹುದೆಂದು ನಮ್ಮ ಸದಸ್ಯರನ್ನು ಕೇಳಿ ಬರೆಯಬೇಕು.

"ನಮ್ಮವ್ರಿಗೆ ಯಾರಿಗೂ ನೋವಾಗಬಾರದ್ರಿ ಮೂರ್ತಿ," ಅಂದರು. "ಆದರ ಕೊಟ್ಟಂಗ ಕಾಣಬೇಕು."

ಇಡೀ ದಿನ ಫೋನ್. ಸದಸ್ಯರೆಲ್ಲ ಮಹಾ ಉದಾರಿಗಳು. ನೇಪಾಳದಿಂದ ಬರುವ ಸಮುದ್ರದ ಮೀನಿಗೆ ಸುಂಕ ಪೂರ್ತಿ ಮಾಫಿ ಮಾಡಿ ಅಂದ ಒಬ್ಬ ಪುಣ್ಯಾತ್ಮ.

೯ ಜನವರಿ, ಗುರುವಾರ

ಇವತ್ತು ಹೊಳೆಯಿತು! ನಾನು ಆಫೀಸಿನಲ್ಲಿ ಕೂತು ತಿಣುಕುತ್ತಿರುವ ವ್ಯಾಪಾರ ನಮ್ಮ ಬಾಗಿಲಲ್ಲೇ ನಡೆಯುತ್ತಿದೆ.

ಎದುರು ಮನೆ ದೂಜಣ್ಣ ದಾದರ್‌ನ ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್. ಹೆಂಡತಿ ಶೀಲಾವತಿ. ಮಾಟುಂಗದ ಈ ಬಿಲ್ಡಿಂಗಿಗೆ ನಾವು ಬಂದ ದಿನದಿಂದ ಅವಳಿಗೂ ನನ್ನ ಹೆಂಡತಿ ಪಂಕಜಾಗೂ ಮೂರು ಹೊತ್ತೂ ಲೇವಾದೇವಿ. ಆ ಕಡೆಯಿಂದ ನೀರುದೋಸೆ, ಪತ್ರೊಡೆ. ಈ ಕಡೆಯಿಂದ ಬಿಸಿಬೇಳೆ ಭಾತು, ಚಟ್ನಿಪುಡಿ. ಮೀನು ಮಾಡಿದ ದಿನ ಅವರೇ ಬಾಗಿಲು ಮುಂದಕ್ಕೆಳೆದುಕೊಳ್ಳುತ್ತಾರೆ, ಯಾರೂ ಹೇಳದೆಯೇ. ಸುಂಕವಿಲ್ಲ, ನಿಯಮವಿಲ್ಲ, ಲೆಕ್ಕವಿಲ್ಲ. ಎಲ್ಲ ಅಧ್ವಾನ. ಇದಕ್ಕೊಂದು ಒಪ್ಪಂದ ಬೇಕು ಅಂದೆ.

"ನೆಟ್ಟಗೆ ಕೊತ್ತಂಬರಿ ಸೊಪ್ಪು ತರೋಕೆ ಬರಲ್ಲ," ಅಂದಳು ಪಂಕಜಾ. "ಒಪ್ಪಂದ ಮಾಡ್ತಾರಂತೆ!"

ದೊಡ್ಡ ವಿಚಾರಗಳಿಗೆಲ್ಲ ಮೊದಲು ಹೀಗೇ ವಿರೋಧ ಬರುತ್ತದೆ.

೧೨ ಜನವರಿ, ಭಾನುವಾರ

ಸಹಿ ಆಯಿತು! ನಮ್ಮ ಹಾಲ್‌ನಲ್ಲಿ, ಕಾಫಿಯೊಂದಿಗೆ. ಆಫೀಸಿನ ಟೈಪ್‌ರೈಟರಿನಲ್ಲಿ ಹೊಡೆದು ತಂದಿದ್ದೆ, ಒಂಬತ್ತು ಕಲಮು. ಮುಖ್ಯವಾದದ್ದು: ಕೊಟ್ಟದ್ದೂ ಪಡೆದದ್ದೂ ಸರಿಸಮ ಇರತಕ್ಕದ್ದು, ಶನಿವಾರ ಪರಿಶೀಲನೆ. ದೂಜಣ್ಣ ಓದದೆಯೇ ಸಹಿ ಹಾಕಿದರು. "ನೀವು ಹೇಳಿದ್ಮೇಲೆ ಆಯ್ತಲ್ಲ ಮಾರಾಯ್ರೆ."

ಮುಕ್ತವಾಗಿ ಏನೇನು ಕೊಡುತ್ತೀರಿ ಅಂತ ಹೆಂಗಸರನ್ನು ಕೇಳಿದೆ. ಪಂಕಜಾ ಹಳೇ ವಾರಪತ್ರಿಕೆ ಅಂದಳು. ಶೀಲಾವತಿ ತೆಂಗಿನ ಚಿಪ್ಪು ಅಂದಳು. ಇಬ್ಬರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕದ್ದೇ ನಕ್ಕದ್ದು. ನಗಲಿ. ನಮ್ಮ ಸಂಘದ ಸದಸ್ಯರು ಹೇಳಿದ್ದೂ ಇದನ್ನೇ. ಅಂದರೆ ನಾವು ಇಂಟರ್‌ನ್ಯಾಶನಲ್ ಮಟ್ಟದಲ್ಲೇ ಇದ್ದೇವೆ.

೧೫ ಜನವರಿ, ಬುಧವಾರ. ಸಂಕ್ರಾಂತಿ

ಪಂಕಜಾ ಎದುರು ಮನೆಗೆ ಎಳ್ಳು ಬೀರಲು ಹೊರಟಳು. ಎಷ್ಟು ಬಟ್ಟಲು ಅಂತ ಕೇಳಿದೆ. ತಿರುಗಿ ನೋಡಿದ ನೋಟ... ಆದರೂ ಬರೆದುಕೊಂಡೆ. ಹಬ್ಬವಾದರೂ ರಫ್ತು ರಫ್ತೇ.

೧೮ ಜನವರಿ, ಶನಿವಾರ

ಮೊದಲ ಪರಿಶೀಲನಾ ಸಭೆ. ಎರಡು ಬಾಗಿಲುಗಳ ನಡುವೆ, ನಿಂತುಕೊಂಡೇ. ಲೆಕ್ಕ ಓದಿದೆ. ನಮ್ಮ ಕಡೆಯಿಂದ ಹೋದದ್ದೇ ಜಾಸ್ತಿ. "ಎದುರು ಮನೆಯವರು ಬಾಕಿ," ಎಂದು ಘೋಷಿಸಿದೆ. ಮೆಟ್ಟಿಲ ಮೇಲೆ ನೀಲಾಬಾಯಿ ಇದ್ದಳು, ಎರಡೂ ಮನೆಯ ಪಾತ್ರೆ ತೊಳೆಯುವವಳು. ನಿಂತು ಕೇಳಿಸಿಕೊಂಡಳು. ಪಾರದರ್ಶಕತೆ ಒಳ್ಳೆಯದೇ.

ದೂಜಣ್ಣ ನಕ್ಕರು. ಶೀಲಾವತಿ ನಗಲಿಲ್ಲ.

೧೯ ಜನವರಿ, ಭಾನುವಾರ

ಬೆಳಿಗ್ಗೆ ದೂಜಣ್ಣ ಹೋಟೆಲಿನ ದೊಡ್ಡ ಸ್ಟೀಲ್ ಪಾತ್ರೆ ಹೊತ್ತು ತಂದರು. ತುಂಬ ಸಾಂಬಾರು, ಮೇಲೆ ತಟ್ಟೆಯಲ್ಲಿ ವಡೆ. ಹಿಂದೆಯೇ ಶೀಲಾವತಿ. "ಬಾಕಿ ಚುಕ್ತಾ ಆಯ್ತಾ ನೋಡಿ," ಅಂದಳು.

ನೋಡಿದೆ. ಸರಿಸಮ! ಒಂದೇ ವಾರದಲ್ಲಿ! ಜಗತ್ತಿನ ಯಾವ ಎರಡು ದೇಶಕ್ಕೂ ಆಗದ್ದು ನಮ್ಮ ಮೂರನೇ ಮಹಡಿಯಲ್ಲಿ ಆಯಿತು. ಪಂಕಜಾ ವಡೆ ಮುಟ್ಟಲಿಲ್ಲ. ಹೊಟ್ಟೆ ಸರಿಯಿಲ್ಲವೇನೋ. ನಾನೇ ತಿಂದೆ.

೨೦ ಜನವರಿ, ಸೋಮವಾರ

ಬೆಳಿಗ್ಗೆ ನಾನೇ ಪಾತ್ರೆ ಬೆಳಗಿ, ಸ್ಟೇಷನ್ನಿಗೆ ಹೋಗುವಾಗ ಕೊಟ್ಟು ಹೋದೆ. ಶೀಲಾವತಿ ಒಳಗೆ ಇಣುಕಿದಳು. ಮತ್ತೊಮ್ಮೆ ಇಣುಕಿದಳು. ಬಾಗಿಲು ಹಾಕಿಕೊಂಡಳು. ಬೆಳಗಿದ್ದು ಸರಿಯಾಗಿರಲಿಲ್ಲವೇನೋ ಅಂದುಕೊಂಡೆ.

ಸಂಜೆ ರಾಮಾಯಣ.

"ಪಾತ್ರೆ ಎಲ್ಲಿ?"

"ಕೊಟ್ಟೆನಲ್ಲ."

"ಏನು ಹಾಕಿ ಕೊಟ್ಟಿರಿ?"

"ಏನೂ ಇಲ್ಲ. ಲೆಕ್ಕ ಸಮ ಆಗಿದೆ."

ಪಂಕಜಾ ಕುಕ್ಕರಿಸಿಬಿಟ್ಟಳು. "ಖಾಲಿ ಪಾತ್ರೆ! ಒಂದು ಚಿಟಿಕೆ ಸಕ್ಕರೆ ಆದ್ರೂ ಹಾಕಬಾರದಿತ್ತೇನ್ರೀ? ನಿಮ್ಮ ನಂಟು ಸಾಕು ಅಂತ ಹೇಳಿ ಬಂದ ಹಾಗಲ್ವಾ ಅದು?"

ತಕ್ಷಣ ಎದುರು ಮನೆಗೆ ಓಡಿದಳು. ಅರೆ ನಿಮಿಷದಲ್ಲಿ ವಾಪಸು. ಶೀಲಾವತಿ ಬಾಗಿಲು ಅರ್ಧ ತೆಗೆದು, "ಲೆಕ್ಕ ಸಮ ಉಂಟಲ್ಲ ಪಂಕಜಕ್ಕ, ಇನ್ನು ಎಂತ?" ಅಂದು ಮುಖದ ಮೇಲೇ ಹಾಕಿಕೊಂಡಳಂತೆ. ಈಗ ಪಂಕಜಾಗೂ ಸಿಟ್ಟು. ನನ್ನ ಮೇಲೆ ಸರಿ. ಅವಳ ಮೇಲೂ.

೨ ಫೆಬ್ರವರಿ, ಭಾನುವಾರ

ಬರೆಯುವಂಥದ್ದು ಏನೂ ನಡೆದಿರಲಿಲ್ಲ. ಬರೀ ಸಾರು. ನಿನ್ನೆಯೂ ಸಾರು. ಇಬ್ಬರೂ ಬಾಗಿಲು ಹಾಕಿಯೇ ಇರುತ್ತಾರೆ. ಒಬ್ಬರು ಮೆಟ್ಟಿಲಿಳಿದರೆ, ಅವರು ಇಳಿದು ಮುಗಿಯುವವರೆಗೂ ಇನ್ನೊಬ್ಬರು ಒಳಗೇ ಕಾಯುತ್ತಾರೆ.

ಪಂಕಜಾ ರೇಡಿಯೋ ಜೊತೆ ಮಾತಾಡುತ್ತಾಳೆ. ಈ ಊರಿನಲ್ಲಿ ಅವಳಿಗೆ ಶೀಲಾವತಿ ಬಿಟ್ಟರೆ ಯಾರಿದ್ದಾರೆ? ಇದು ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ.

೯ ಫೆಬ್ರವರಿ, ಭಾನುವಾರ

ಮಾರ್ಕೆಟ್ಟಿನಲ್ಲಿ ದೂಜಣ್ಣ ಸಿಕ್ಕರು. ಅವರ ಹೋಟೆಲ್ ಯಜಮಾನರಿಗೆ ದೂರದ ವಿಕ್ರೋಳಿಯಲ್ಲಿ ಯಾವುದೋ ಫ್ಯಾಕ್ಟರಿಯ ಕ್ಯಾಂಟೀನ್ ಕಂತ್ರಾಟು ಸಿಕ್ಕಿದೆ. ಇವರೇ ನೋಡಿಕೊಳ್ಳಬೇಕಂತೆ. ಅಲ್ಲೇ ಇರಲು ರೂಮೂ ಕೊಡುತ್ತಾರೆ.

"ಎರಡು ಸಲ ಕೇಳಿದ್ರು ಮೂರ್ತಿಯವ್ರೇ. ಪಂಕಜಕ್ಕನ್ನ ಬಿಟ್ಟು ನಾನು ಬರುದಿಲ್ಲ ಅಂತ ಹೇಳ್ತಿದ್ಲು ಇವಳು. ಈಗ ನೋಡಿದ್ರೆ, ಹೋಗುವ ಅಂತಾಳೆ. ಮುಂದಿನ ಸೋಮವಾರ ಉತ್ತರ ಹೇಳ್ಬೇಕು."

ಪಂಕಜಾಗೆ ಹೇಳಿದೆ. ಒಳಗೆ ಹೋಗಿ ನಲ್ಲಿ ಬಿಟ್ಟುಕೊಂಡಳು. ನೀರಿನ ಸದ್ದಿಗೆ ಅಳು ಕೇಳಿಸುವುದಿಲ್ಲ ಅಂದುಕೊಂಡಿದ್ದಾಳೆ.

೧೨ ಫೆಬ್ರವರಿ, ಬುಧವಾರ

ಒಪ್ಪಂದ ರದ್ದು ಮಾಡೋಣವೆಂದು ತೆಗೆದು ನೋಡಿದೆ. ಒಂಬತ್ತನೇ ಕಲಮು: ರದ್ದತಿಗೆ ಆರು ತಿಂಗಳ ನೋಟಿಸು. ಬರೆದವನು ನಾನೇ. ನನ್ನ ಕೈ ಮುರಿಯ.

ತಿದ್ದುಪಡಿ ಪತ್ರ ಬರೆದು ಅವರ ಬಾಗಿಲ ಸಂದಿನಲ್ಲಿ ತಳ್ಳಿದೆ. ಹತ್ತು ನಿಮಿಷಕ್ಕೆ ನಮ್ಮ ಬಾಗಿಲ ಸಂದಿನಿಂದ ವಾಪಸು ಬಂತು.

ಆಫೀಸಿನ ನೋಟನ್ನೂ ಬಸವಂತರಾಯರು ವಾಪಸು ಎಸೆದರು. "ಗಡಿ ದಾಟೂ ಮಾಲು ಯಾರ ಸಹಿನೂ ಕೇಳಾಂಗಿಲ್ರೀ ಮೂರ್ತಿ. ಬೇಕಾದಾವ ಕೇಳ್ತಾನ, ಇದ್ದಾವ ಕೊಡ್ತಾನ. ನೀವು ನಡುವ ಮೇಜು ಹಾಕ್ಕೊಂಡು ಕುಂತರ ಎರಡೂ ನಿಲ್ತಾವು."

ಕೇಳುವುದು... ಹಾಗಾದರೆ ಎದುರು ಮನೆಗೆ ಕೇಳಲು ಹೋಗುವಂಥದ್ದು ಏನಾದರೂ ನಮ್ಮಲ್ಲಿ ಮುಗಿದುಹೋಗಬೇಕಲ್ಲ.

೧೬ ಫೆಬ್ರವರಿ, ಭಾನುವಾರ

ಬೆಳಿಗ್ಗೆ ೭

ಪಂಕಜಾ ಸ್ನಾನಕ್ಕೆ ಹೋದಾಗ ಮನೆಯ ಮೊಸರೆಲ್ಲ ಕುಡಿದುಬಿಟ್ಟೆ. ಹೆಪ್ಪಿಗೆ ಎತ್ತಿಟ್ಟ ಬಟ್ಟಲನ್ನೂ ಬಿಡಲಿಲ್ಲ. ಮೂರು ದಿನದ ಹುಳಿ, ಹಲ್ಲು ಜುಮ್ಮೆನ್ನುತ್ತಿದೆ. ಡೈರಿ ಮೊಸರಿನ ಹೆಪ್ಪು ಲೋಳೆಯೆಂದು ಪಂಕಜಾ ಮುಟ್ಟುವುದಿಲ್ಲ. ಇನ್ನು ಎದುರು ಮನೆಯೇ ಗತಿ.

೯

"ಹೆಪ್ಪು ಏನಾಯ್ತು?"

"ಬೆಕ್ಕು."

"ಮೂರನೇ ಮಹಡಿಗೆ?"

"ಬಾಂಬೆ ಬೆಕ್ಕು."

"ಮೀಸೆ ಒರೆಸ್ಕೊಳ್ಳಿ," ಅಂದಳು.

ಒರೆಸಿಕೊಂಡೆ. ಎದುರು ಮನೆಯಲ್ಲಿ ಕೇಳಿ ತರಲೇ ಅಂದೆ. ಬೇಕಾದರೆ ಹೋಗಿ ಅಂದಳು. ಆದರೆ ಬಟ್ಟಲು ಆಗಲೇ ಅವಳ ಕೈಯಲ್ಲಿತ್ತು.

೯.೩೦

ಶೀಲಾವತಿ ಬಟ್ಟಲು ನೋಡಿದಳು, ನನ್ನನ್ನು ನೋಡಿದಳು. "ಹೆಪ್ಪು ಗಂಡಸರ ಕೈಯಲ್ಲಿ ಕೊಡ್ಲಿಕ್ಕಿಲ್ಲ. ಅವರೇ ಬರ್ಲಿ."

"ಇದು ಎಲ್ಲಿಯ ಶಾಸ್ತ್ರ?"

"ಈಗಿಂದೇ," ಅಂದಳು.

ಬಂದು ಹೇಳಿದೆ. "ನಾನಾ? ಬಾಗಿಲು ಹಾಕಿದ್ದು ಅವಳು. ಸತ್ರೂ ಹೋಗಲ್ಲ," ಅಂದಳು ಪಂಕಜಾ. ಬಟ್ಟಲು ಮೇಜಿನ ಮೇಲೆ ಕುಕ್ಕಿದಳು. ನಾಳೆ ಸೋಮವಾರ. ಮುಗಿಯಿತು.

ಮಧ್ಯಾಹ್ನ ೧೨.೩೦

ಸ್ನಾನ ಮಾಡಿ ಬಂದೆ. ಮನೆಯಲ್ಲಿ ಯಾರೂ ಇಲ್ಲ. ಮೇಜಿನ ಮೇಲೆ ಬಟ್ಟಲೂ ಇಲ್ಲ.

೧.೩೦

ದೂಜಣ್ಣ ಬಂದು ಎದುರಿಗೇ ಕೂತಿದ್ದಾರೆ. ಮನೆಯಿಂದ ಓಡಿಸಿದರಂತೆ. "ಇಬ್ರೂ ಅಡುಗೆಮನೇಲಿ ನೆಲದ ಮೇಲೆ ಕೂತಿದ್ದಾರೆ. ಒಮ್ಮೆ ಅಳುದು, ಒಮ್ಮೆ ನಗುದು. ನಗುದು ನಿಮ್ಮ ವಿಷಯಕ್ಕೆ." ಎಂತ ಬರೀತೀರಿ ಅಂತ ಕೇಳಿದರು. ಆಫೀಸ್ ಕೆಲಸ ಅಂದೆ.

"ವಿಕ್ರೋಳಿ?" ಅಂತ ಕೇಳಿದೆ. ಕೇಳಲು ಭಯವಾಗಿತ್ತು.

"ಕ್ಯಾನ್ಸಲ್," ಅಂದರು. "ನಾಳೆ ಯಜಮಾನ್ರಿಗೆ ಎಂತ ಹೇಳುದು ನಾನು? ಕ್ಯಾಂಟೀನು ಬೇಡ, ರೂಮು ಬೇಡ, ಎಂತಕ್ಕೆ ಅಂತ ಕೇಳಿದ್ರೆ, ಒಂದು ಚಮಚ ಹೆಪ್ಪಿಗೆ ಅಂತ ಹೇಳ್ಲಿಕ್ಕುಂಟಾ ಮಾರಾಯ್ರೆ?"

ತಪ್ಪಾಯಿತು ದೂಜಣ್ಣ ಅನ್ನಬೇಕಿತ್ತು. "ಊಟ ಆಯಿತೇ?" ಅಂದೆ.

"ಎಲ್ಲಿಂದ? ಅಡುಗೆಮನೇಲಿ ಅವ್ರಿದ್ದಾರಲ್ಲ."

ನಮ್ಮ ಒಲೆಯೂ ತಣ್ಣಗಿದೆ. ಹೋಗಿ ಕೇಳಿ ಅಂದರು ಅವರು. ನೀವೇ ಕೇಳಿ ಅಂದೆ ನಾನು. ಇಬ್ಬರೂ ಕೂತಿದ್ದೇವೆ. ಆ ಕಡೆಯಿಂದ ಪಂಕಜಾಳ ನಗು. ಗಟ್ಟಿಯಾಗಿ, ಬಿದ್ದೂ ಬಿದ್ದೂ... ಎಷ್ಟು ದಿನವಾಗಿತ್ತು ಕೇಳಿ! ಇನ್ನೂ ಒಂದು ಗಂಟೆ ನಗಲಿ. ಹಸಿವು ತಡೆದುಕೊಂಡೇನು, ನಾನೇನು—

ಪಂಕಜಾ ಊಟಕ್ಕೆ ಕರೆಯುತ್ತಿದ್ದಾಳೆ. ಇಬ್ಬರನ್ನೂ. ದೂಜಣ್ಣ ಆಗಲೇ ಬಾಗಿಲು ದಾಟಿ—