ಹಿಂದೆ ತಿರುಗಿ ನೋಡುವ ಚಟ

ಜಮಖಂಡಿ
೧೯ ಜನವರಿ ೨೦೨೫, ರವಿವಾರ

ಗೆಳತಿ ಶ್ರೀದೇವಿಗೆ,

ಸುವರ್ಣಾಳ ನಮಸ್ಕಾರ. ನಾನು, ಅಪ್ಪ ಇಲ್ಲಿ ಕ್ಷೇಮ. ಬೀಳಗಿಯಲ್ಲಿ ನೀನು, ನಿನ್ನ ಯಜಮಾನರು, ಸ್ನೇಹಾ ಎಲ್ಲರೂ ಆರಾಮ ಇದ್ದೀರೆಂದು ತಿಳಿದಿದ್ದೇನೆ. ನಿನ್ನ ಪತ್ರ ಬಂದು ಇಪ್ಪತ್ತೆರಡು ದಿನ ಆಯಿತು. ತಪ್ಪಾಯಿತು, ಎಷ್ಟು ಬೇಕಾದರೂ ಬೈದುಕೋ. ಮೊದಲು ಹಾಸ್ಟೆಲ್ ಹುಡುಗಿಯರ ಜಿಲ್ಲಾ ಆಯ್ಕೆ ಇತ್ತು, ಆಮೇಲೆ ಅಪ್ಪನ ಕಣ್ಣಿನ ಆಪರೇಶನ್ ಬಂತು. ಇವೆಲ್ಲ ನೆಪ ಅಂತ ನಿನಗೆ ಆಗಲೇ ಗೊತ್ತಾಗಿರುತ್ತದೆ. ಮೂರು ಸಲ ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿದೆ, ಮೂರು ಸಲವೂ ಅಳಿಸಿದೆ. "ಫೋನ್ ಹಚ್ಚಿದ್ರ ಬರೇ ಹೂಂ ಹೂಂ ಅಂತಿ, ಅದಕ್ಕ ಕಾಗದಾ ಬರದೇನಿ, ನೀನೂ ಬರದ ಕಳಸು" ಅಂತ ನೀನು ಹೇಳಿದ್ದೀ. ಸಾಲಿಯ ಅಕ್ಕೋರು ಹೇಳಿದ ಮೇಲೆ ಮೀರುವ ಹಾಗಿಲ್ಲ, ಬರೆಯಲು ಕುಳಿತಿದ್ದೇನೆ.

ನೀನು ಕೇಳಿದ್ದು ಎರಡೇ ಮಾತು. ಜೂನ್ ತಿಂಗಳಲ್ಲಿ ಸ್ನೇಹಾಳನ್ನು ನಾನು ಕೋಚ್ ಆಗಿರುವ ಹಾಸ್ಟೆಲ್ಲಿಗೆ ಸೇರಿಸಿಕೊಳ್ಳಬೇಕು. ಸೈಕಲ್ ಹೊಡೆಯುವಾಗ ಅವಳಿಗೆ ಹಿಂದೆ ತಿರುಗಿ ನೋಡುವ ಚಟ ಇದೆ, ಅದನ್ನು ಬಿಡಿಸಬೇಕು. "ಆವತ್ತ ನಿನಗ ಏನೂ ಕೇಳಿಸಲಾರದಂಗ ಆಗಿತ್ತಲ್ಲ, ಆ ಮನಸ್ಸ ನನ್ನ ಮಗಳಿಗೆ ಕಲಸು" ಅಂತ ಬರೆದಿದ್ದೀ. ಮೊದಲನೆಯದಕ್ಕೆ ಆ ದಿನವೇ ಉತ್ತರ ಕೊಡಬಹುದಿತ್ತು. ತಡವಾದದ್ದು ಎರಡನೆಯದಕ್ಕೆ.

ಮೊದಲು ಮನೆಯ ಸುದ್ದಿ. ಅಪ್ಪ ಬನಹಟ್ಟಿಯ ನಾಲ್ಕು ಮಗ್ಗಗಳನ್ನು ನನ್ನ ತಮ್ಮ ಸುಭಾಷನಿಗೆ ಒಪ್ಪಿಸಿ ದಸರೆಯಿಂದ ನನ್ನ ಹತ್ತಿರ ಇದ್ದಾರೆ. ಅವರಿಗೆ ಇಲ್ಲಿ ಎಲ್ಲ ಸರಿ, ಮಧ್ಯಾಹ್ನದ ನಿದ್ದೆಯೊಂದು ಮಾತ್ರ ಬರುವುದಿಲ್ಲ. "ಏನ್ ಮನಿ ಬೇ ಇದು, ಸುಡಗಾಡ ಇದ್ದಂಗ ಐತಿ" ಎಂದು ಬೈದು, ಊಟ ಮುಗಿಸಿ ನಮ್ಮ ಓಣಿಯ ಹಿಟ್ಟಿನ ಗಿರಣಿಗೆ ಹೋಗಿ ಅಲ್ಲಿಯ ಬೆಂಚಿನ ಮೇಲೆ ಮಲಗುತ್ತಾರೆ. ಗಿರಣಿ ನಡೆದಷ್ಟು ಹೊತ್ತು ಗೊರಕೆ. ಮೊನ್ನೆ ಹಾಗೇ ಕಣ್ಣು ಮುಚ್ಚಿಕೊಂಡೇ "ಸಿದರಾಯಾ, ಪಟ್ಟಾ ಸಡ್ಲ ಆಗೈತಿ ನೋಡು" ಅಂದರಂತೆ. ಗಿರಣಿಯ ಸಿದರಾಯ ನೋಡಿದರೆ ಸಡಿಲವೇ ಆಗಿತ್ತು. "ನಿಮ್ಮಪ್ಪಾರು ನಿದ್ದಿ ಮಾಡ್ತಾರೋ ಕಾವಲಾ ಕಾಯ್ತಾರೋ ಒಂದೂ ತಿಳಿವಲ್ದರಿ ಅಕ್ಕಾರ" ಎಂದು ಬಂದು ನಕ್ಕು ಹೋದ.

ಹೋದ ವಾರ ಹಾಸ್ಟೆಲ್ಲಿಗೆ ಬೆಂಗಳೂರಿನಿಂದ ಒಬ್ಬ ಮೇಡಂ ಬಂದಿದ್ದರು. ಮನಃಶಾಸ್ತ್ರದವರು. ತಮ್ಮ ಅತ್ಯುತ್ತಮ ಆಟ ಆಡುವ ಹೊತ್ತಿನಲ್ಲಿ ಆಟಗಾರರ ತಲೆಯಲ್ಲಿ ಏನಿರುತ್ತದೆ ಎಂಬುದು ಅವರ ಅಧ್ಯಯನವಂತೆ. ಹುಡುಗಿಯರನ್ನೆಲ್ಲ ಕೂಡಿಸಿ ನನ್ನನ್ನೇ ಮೊದಲು ಕೇಳಿದರು: "ಎರಡು ಸಾವಿರದ ಆರರ ರೇಸಿನ ಕೊನೆಯ ಹನ್ನೊಂದು ಕಿಲೋಮೀಟರನ್ನು ಹದಿನೇಳು ನಿಮಿಷದಲ್ಲಿ ಮುಗಿಸಿದ್ದೀರಿ. ಆಗ ನಿಮ್ಮ ತಲೆಯಲ್ಲಿ ಏನಿತ್ತು?"

ಏನೂ ಇರಲಿಲ್ಲ, ಏನೂ ಕೇಳಿಸುತ್ತಲೂ ಇರಲಿಲ್ಲ ಅಂದೆ. ಮಗ್ಗದ ಮನೆಯಲ್ಲಿ ಹುಟ್ಟಿದವಳು, ಹಗಲೆಲ್ಲ ಖಟಕ್ ಖಟಕ್ ಸದ್ದಿನೊಳಗೇ ಬೆಳೆದವಳು, ಸದ್ದನ್ನು ಹೊರಗಿಡುವುದು ನನಗೆ ತಾನಾಗಿಯೇ ಬರುತ್ತದೆ ಎಂದೂ ಹೇಳಿದೆ. ಈ ಉತ್ತರವನ್ನು ಎಷ್ಟು ಕಡೆ ಕೊಟ್ಟಿದ್ದೇನೋ ಲೆಕ್ಕ ಇಲ್ಲ. ಮೇಡಂ ಬಹಳ ಖುಷಿಯಾಗಿ ಬರೆದುಕೊಂಡರು, ಹುಡುಗಿಯರೂ ಬರೆದುಕೊಂಡರು. ಹಿಂದಿನ ಸಾಲಿನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕುಳಿತಿದ್ದ ಅಪ್ಪ ಎದ್ದು ನಿಂತರು.

"ಯಾರ್ ಹೇಳಿದ್ರರೀ ನಿಮಗ? ಮಗ್ಗದ ಮನ್ಯಾಗ ಕಿವಿ ಮಂದ ಆದ್ರ ಹೊಟ್ಟಿಗೆ ಹಿಟ್ಟ ಸಿಗೂದಿಲ್ಲ. ನಾಕೂ ಮಗ್ಗ ಒಮ್ಮೆಲೇ ಬಡಿಯಾಕತ್ತಿರ್ಲಿ, ಯಾವ ಮಗ್ಗದಾಗ ಎಳಿ ಹರದೈತಿ ಅಂತ ಬೆನ್ನ ತಿರುವಿ ಕುಂತ ಹೇಳ್ತೇನಿ. ನನ್ನ ಬಿಡ್ರಿ, ಈಕಿ ಏಳ ವರ್ಷದಾಕಿ ಇದ್ದಾಗ ಪಡಸಾಲ್ಯಾಗ ಪಾಟಿ ಮ್ಯಾಲ ಬರಕೋತ ಕುಂತು, ಅಪ್ಪಾ ಮೂರನೇ ಮಗ್ಗ ನೋಡು ಅಂತಿದ್ಲು!"

ಎಲ್ಲರೂ ನಕ್ಕರು. ಮೇಡಂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ಅಪ್ಪನಿಗೆ ಆ ಮಾತೇ ಮರೆತುಹೋಗಿತ್ತು.

ಶ್ರೀದೇವಿ, ಆ ರೇಸಿನ ಬಗ್ಗೆ ನಾವಿಬ್ಬರೂ ಕುಳಿತು ಮಾತಾಡಿಯೇ ಇಲ್ಲ. ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ನನ್ನ ಕಡೆಯಿಂದ ಹೇಗೆ ಕಂಡಿತೆಂದು ತಿಳಿಯಲಿ. ಜಮಖಂಡಿಯಿಂದ ಸಾವಳಗಿಗೆ ಹೋಗಿ ತಿರುಗಿ ಬರುವುದು. ನಮಗಿಬ್ಬರಿಗೂ ಹತ್ತೊಂಬತ್ತು. ಸಾವಳಗಿಯಲ್ಲಿ ತಿರುಗುವ ಹೊತ್ತಿಗೆ ಉಳಿದವರೆಲ್ಲ ಬಹಳ ಹಿಂದೆ ಬಿದ್ದಿದ್ದರು, ನಾವಿಬ್ಬರೇ. ಶಿವಯೋಗೆಪ್ಪ ಸರ್ ನಮಗೆ ಕಲಿಸಿದ್ದು ನೆನಪಿದೆಯಲ್ಲ, ಎರಡು ನಿಮಿಷ ಒಬ್ಬಳು ಮುಂದೆ ನಿಂತು ಗಾಳಿಗೆ ಎದೆ ಕೊಡಬೇಕು, ಇನ್ನೊಬ್ಬಳು ಅವಳ ಗಾಲಿಗೆ ಹತ್ತಿಕೊಂಡು ದಮ್ಮು ಉಳಿಸಿಕೊಳ್ಳಬೇಕು, ಆಮೇಲೆ ಪಾಳಿ ಬದಲು. "ಕಡೀ ಐನೂರು ಮೀಟರ್‌ನ್ಯಾಗ ಅಷ್ಟ ಗೆಳೆತನ ಬಿಡ್ರಿ, ಅಲ್ಲೀತನಕಾ ಇಬ್ಬರೂ ಕೂಡಿ ಒಂದ ಸೈಕಲ್" ಅಂತಿದ್ದರು. ಆ ಕಡೆಯ ಐನೂರು ಮೀಟರ್ ಯಾವಾಗಲೂ ನಿನ್ನವು. ಐದು ರೇಸಿನಲ್ಲಿ ಐದೂ ಸಲ ನೀನು ಮೊದಲು, ನಾನು ಎರಡನೆಯವಳು.

ಆ ದಿನ ಗಾಳಿ ಎದುರಿನಿಂದ ಬೀಸುತ್ತಿತ್ತು. ನನಗೆ ಸುಸ್ತಾಗಿದ್ದನ್ನು ನೋಡಿ ನೀನು ನನ್ನ ಪಾಳಿಯನ್ನೂ ಎರಡು ಸಲ ಹೊಡೆದೆ. ಹನ್ನೊಂದು ಕಿಲೋಮೀಟರ್ ಉಳಿದಾಗ ನಾನು ಮುಂದೆ ಬಂದೆ. ತಿರುವಿನಲ್ಲಿ ಟ್ರ್ಯಾಕ್ಟರಿನಿಂದ ಉದುರಿದ ಕಬ್ಬು ಬಿದ್ದಿತ್ತು, ನಾಲ್ಕೋ ಐದೋ ಗಳ. ಕೈ ಮಾಡಿ ತೋರಿಸಿ ಪಕ್ಕಕ್ಕೆ ಸರಿದೆ. ನಿನ್ನ ಗಾಲಿ ಅದರ ಮೇಲೆ ಹತ್ತಿ ನೀನು ಬಿದ್ದೆ.

ಅಲ್ಲಿಂದ ಮುಂದಿನ ಹದಿನೇಳು ನಿಮಿಷ ಹೇಗಿತ್ತೆಂದು ಮೇಡಂಗೆ ಹೇಳಿದ್ದರಲ್ಲಿ ಸುಳ್ಳಿಲ್ಲದ ಭಾಗವೂ ಇದೆ. ಕಾಲಿನ ನೋವು ಹೋಯಿತು. ಗೇರ್ ಬದಲಿಸಿದ್ದು ನೆನಪಿಲ್ಲ, ಕೈಯೇ ಬದಲಿಸಿತು. ನಾನು ರಸ್ತೆಯ ಮೇಲೆ ಹೋಗುತ್ತಿಲ್ಲ, ರಸ್ತೆಯೇ ನನ್ನ ಕೆಳಗೆ ಹಾದುಹೋಗುತ್ತಿದೆ ಅನ್ನಿಸಿತು. ಎದುರು ಗಾಳಿ ಇದ್ದೇ ಇತ್ತು, ಅದು ಬೇರೆ ಯಾರಿಗೋ ಬೀಸುತ್ತಿತ್ತು. ಗೆರೆ ದಾಟಿದಾಗ ಇನ್ನೂ ಹತ್ತು ಕಿಲೋಮೀಟರ್ ಇದ್ದಿದ್ದರೆ ಛಲೋ ಇತ್ತು ಎಂದುಕೊಂಡೆ. ಶಿವಯೋಗೆಪ್ಪ ಸರ್ ಓಡಿ ಬಂದು "ಶ್ರೀದೇವಿ ಎಲ್ಲ್ಯದಾಳ ಲೇ?" ಅಂದರು. ಆಗ ತಿರುಗಿ ನೋಡಿದೆ.

ಕಬ್ಬಿನ ಟ್ರ್ಯಾಕ್ಟರಿನ ಅಮಸಿದ್ದಪ್ಪ ನಿನ್ನನ್ನು ಇಂಜಿನ್ನಿನ ಮೇಲೆ ಕೂರಿಸಿಕೊಂಡು ಬಂದದ್ದು ಮುಕ್ಕಾಲು ತಾಸಿನ ಮೇಲೆ. ತೊಡೆಯ ಎಲುಬು ಎರಡು ಕಡೆ ಮುರಿದಿತ್ತು. ಆಸ್ಪತ್ರೆಗೆ ಮೆಡಲ್ ಕಿಸೆಯಲ್ಲಿಟ್ಟುಕೊಂಡು ಬಂದೆ. ನೀನು ಒಂದೇ ಮಾತು ಕೇಳಿದೆ: "ನಾ ಕೂಗಿದ್ದು ಕೇಳಲಿಲ್ಲೇನ್ ಸುವ್ವಿ?" ಇಲ್ಲ ಅಂದೆ. ನೀನು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ಆತು ಬಿಡು, ಇಬ್ಬರಾಗ ಒಬ್ಬಾಕಿ ಆದ್ರೂ ಗೆದ್ದಿ" ಅಂದೆ. ಬಾಗಿಲಲ್ಲಿ ಪೇಪರಿನವರು ನಿಂತಿದ್ದರು. ನಾನು ಅವರಿಗೂ ಏನೂ ಕೇಳಿಸಲಿಲ್ಲ ಅಂತಲೇ ಹೇಳಿದೆ. ಮರುದಿನ "ಏನೂ ಕೇಳಿಸದ ಏಕಾಗ್ರತೆ" ಎಂದು ದೊಡ್ಡ ಅಕ್ಷರದಲ್ಲಿ ಬಂತು. ಆ ಸುದ್ದಿಯ ಕಟಿಂಗು ಅಪ್ಪನ ಟ್ರಂಕಿನಲ್ಲಿ ಈಗಲೂ ಇದೆ.

ರೈಲ್ವೆ ನೌಕರಿ, ಆಮೇಲೆ ಈ ಕೋಚ್ ಕೆಲಸ, ಎಲ್ಲ ಆ ಹದಿನೇಳು ನಿಮಿಷದಿಂದ ಬಂದವು. ಅದನ್ನು ಮತ್ತೆ ಹುಡುಕುತ್ತ ಎಂಟು ವರ್ಷ ಸೈಕಲ್ ಹೊಡೆದೆ. ಉಸಿರು ಎಣಿಸಿದೆ, ಧ್ಯಾನಕ್ಕೆ ಕುಳಿತೆ, ರೇಸಿನ ಹಿಂದಿನ ದಿನ ಯಾರ ಜೊತೆಗೂ ಮಾತಾಡದೆ ನೋಡಿದೆ. ನಾಲ್ಕನೆಯವಳಾದೆ, ಆರನೆಯವಳಾದೆ, ಒಮ್ಮೆ ಹನ್ನೆರಡನೆಯವಳು. ಅದು ತಿರುಗಿ ಬರಲಿಲ್ಲ.

ಇನ್ನು ಸ್ನೇಹಾ. ದೀಪಾವಳಿ ರಜೆಗೆ ಬಂದಾಗ ಹಾಸ್ಟೆಲ್ ಹುಡುಗಿಯರ ಜೊತೆ ಮುಧೋಳ ರಸ್ತೆಗೆ ಬಿಟ್ಟಿದ್ದೆ. ಹದಿಮೂರು ವರ್ಷಕ್ಕೆ ಅವಳ ಕಾಲಿನಲ್ಲಿ ನಿನ್ನದೇ ಕಸುವಿದೆ, ಕಡೆಯಲ್ಲಿ ಎದ್ದು ಹೊಡೆಯುವ ರೀತಿಯೂ ನಿನ್ನದೇ. ಎಲ್ಲರಿಗಿಂತ ಮುಂದಿದ್ದವಳು ನಿಮಿಷಕ್ಕೊಮ್ಮೆ ಹಿಂದೆ ನೋಡಿ ನೋಡಿ ಮೂರನೆಯವಳಾಗಿ ಬಂದಳು. ಯಾಕೆ ನೋಡುತ್ತಿದ್ದೆ ಎಂದು ಗದರಿದೆ. "ಹಿಂದಿನಾಕೀದು ಚೈನ್ ಬಿದ್ದಿತ್ತರೀ ಮೌಶಿ, ಆಕಿ ಒಬ್ಬಾಕಿನ ಉಳದ್ಲು" ಅಂದಳು.

ಅವಳಿಗೆ ಗೇರ್ ಹೇಗೆ ಬದಲಿಸಬೇಕು, ಗಾಳಿಯಲ್ಲಿ ಹೇಗೆ ಬಾಗಬೇಕು, ಏನು ತಿನ್ನಬೇಕು, ಎಷ್ಟು ಮಲಗಬೇಕು, ಎಲ್ಲ ಕಲಿಸುತ್ತೇನೆ. ಹಾಸ್ಟೆಲ್ ಅರ್ಜಿ ಇದರೊಳಗೆ ಇಟ್ಟಿದ್ದೇನೆ, ಮಾರ್ಚ್ ಕೊನೆಯೊಳಗೆ ತುಂಬಿ ಕಳಿಸು. ನಿನ್ನ ಕಾಲು ಈ ಚಳಿಯಲ್ಲಿ ಸೆಟೆಯುತ್ತಿರಬೇಕು, ಬಾಡಗಂಡಿಯ ಸಾಲಿಗೆ ಬಸ್ಸಿನಲ್ಲಿ ನಿಂತು ಹೋಗಬೇಡ. ಸ್ನೇಹಾಳಿಗೆ ನನ್ನ ಆಶೀರ್ವಾದ. ಅವಳ ಕಾಲು ಗಟ್ಟಿಯಾಗಿರಲಿ, ಅವಳ ರಸ್ತೆ ಯಾವಾಗಲೂ ಸ್ವಚ್ಛವಾಗಿರಲಿ.

ನಿನ್ನ,
ಸುವ್ವಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ಅಪ್ಪ ಹೇಳಿದ್ದೇ ಖರೆ. ನನಗೆ ಕೇಳಿಸಿತ್ತು. ನೀನು ಎರಡು ಸಲ ಕೂಗಿದೆ. ಮೊದಲ ಸಲ "ಸುವ್ವೀ" ಅಂದೆ, ಎರಡನೇ ಸಲ "ಸುವ್ವೀ, ಕಾಲ" ಅಂದೆ. ಮೇಡಂ ಕೇಳಿದರಲ್ಲ, ತಲೆಯಲ್ಲಿ ಏನಿತ್ತು ಎಂದು. ಇವತ್ತು ಕಡೆಯ ಐನೂರು ಮೀಟರಿನಲ್ಲಿ ಶ್ರೀದೇವಿ ಇರುವುದಿಲ್ಲ ಎಂಬುದಿತ್ತು. ಅದು ಹೊಳೆದ ಮೇಲೆಯೇ ಕಾಲು ಹಗುರಾದವು. ನನಗೆ ಖುಷಿಯಾಗಿತ್ತು, ಶ್ರೀದೇವಿ. ನೀನೂ ಮಗ್ಗದ ಮನೆಯಲ್ಲೇ ಹುಟ್ಟಿದವಳು. ಕೇಳಲಿಲ್ಲ ಅಂದಾಗ ನಂಬಿದ್ದೆಯೋ, ನಂಬಿದ ಹಾಗೆ ಮಾಡಿದ್ದೆಯೋ, ಹದಿನೆಂಟು ವರ್ಷ ಕೇಳಲು ನನಗೆ ಬಾಯಿ ಬರಲಿಲ್ಲ. ಇದನ್ನು ಓದಿದ ಮೇಲೂ ಕಳಿಸುವುದಾದರೆ ಮಗಳನ್ನು ಕಳಿಸು. ಹಿಂದೆ ತಿರುಗಿ ನೋಡುವುದನ್ನು ಮಾತ್ರ ನಾನು ಬಿಡಿಸುವುದಿಲ್ಲ.