ಕಿರುಬೆರಳಿನ ಮಗ್ಗಿ

ತಾಂಬರಂ, ಚೆನ್ನೈ
೧೮ ಏಪ್ರಿಲ್ ೨೦೦೪, ಭಾನುವಾರ

ಪ್ರೀತಿಯ ಅಮ್ಮಾ,

ನಿನ್ನ ಸೀತಾ ಮಾಡುವ ನಮಸ್ಕಾರ. ಮಂಡಿನೋವು ಹೇಗಿದೆ? ಬಚ್ಚಲಿಗೆ ಗೋಡೆ ಹಿಡಿದುಕೊಂಡೇ ಹೋಗುತ್ತೀ ತಾನೆ? ವಠಾರದ ನಲ್ಲಿಯ ಹತ್ತಿರ ಪಾಚಿ ಇರುತ್ತದೆ, ಅತ್ತ ಸುಳಿಯಬೇಡ, ನೀರನ್ನು ಕೌಸಲ್ಯಾ ಹಿಡಿದುಕೊಡುತ್ತಾಳೆ. ಕೌಸಲ್ಯಾ, ಪಕ್ಕದ ಮನೆಯವಳು ಅಂತ ನಿನಗೆ ಎಷ್ಟೊಂದು ಕೆಲಸ ಹೇಳುತ್ತೇನೋ. ಈ ಕಾಗದವನ್ನೂ ನೀನೇ ಓದಿ ಹೇಳಬೇಕು. ಅವಸರ ಮಾಡದೆ ಓದಮ್ಮ, ಏಳನೇ ಕ್ಲಾಸಿಗೆ ನಿಂತುಹೋದ ಅಕ್ಷರ ಇದು. ಫೋನ್ ಮಾಡೋಣವೆಂದರೆ ಅಂಗಡಿಯ ಗದ್ದಲದಲ್ಲಿ ಅಮ್ಮನಿಗೆ ಅರ್ಧ ಕೇಳಿಸುವುದಿಲ್ಲ, ಉಳಿದರ್ಧ ನಾನು ಅತ್ತು ಕೆಡಿಸುತ್ತೇನೆ.

ನಾವು ಚೆನ್ನಾಗಿದ್ದೇವೆ. ಬಿಸಿಲಿನ ವಿಷಯ ಕೇಳಬೇಡ. ನೀರಿನ ಲಾರಿ ಬಂದ ದಿನ ಬಂತು, ಬರದ ದಿನ ಇಲ್ಲ. ಬೀದಿಯ ಹೆಂಗಸರೆಲ್ಲ ಬಣ್ಣಬಣ್ಣದ ಬಿಂದಿಗೆ ಸಾಲಿಟ್ಟುಕೊಂಡು ಜಗಳಕ್ಕೆ ತಯಾರಾಗಿ ನಿಂತಿರುತ್ತಾರೆ, ನಾನೂ ಈಗ ತಮಿಳಿನಲ್ಲಿ ಜಗಳ ಕಲಿತಿದ್ದೇನೆ. ಇವರು ಗಿಂಡಿಯ ಕಾರ್ಖಾನೆಗೆ ಬೆಳಗಿನ ಎಲೆಕ್ಟ್ರಿಕ್ ಟ್ರೈನ್ ಹಿಡಿಯುತ್ತಾರೆ, ಬಾಗಿಲಲ್ಲಿ ನೇತಾಡಿಕೊಂಡು ಹೋಗುತ್ತಾರೇನೋ ಎಂದು ಸಂಜೆಯವರೆಗೂ ನನಗೆ ದಿಗಿಲು. ಕೇಳಿದರೆ, 'ನಾನು ನೇತಾಡಿದ್ರೆ ಟ್ರೈನೇ ಬಾಗುತ್ತೆ ಕಣೆ, ಹೊಟ್ಟೆ ನೋಡು' ಅನ್ನುತ್ತಾರೆ.

ಪಾವನಾಳ ಒಂಬತ್ತನೇ ಕ್ಲಾಸಿನ ಪರೀಕ್ಷೆ ಮುಗಿಯಿತು. ಮುಗಿದ ಮರುವಾರವೇ ಹತ್ತನೆಯ ಪಾಠ ಶುರುವಾಯಿತಮ್ಮ. ಬೇಸಿಗೆ ರಜೆ ಅಂತ ಕ್ಯಾಲೆಂಡರಿನಲ್ಲಿ ಅಚ್ಚಾಗಿದೆ, ಶಾಲೆಯ ಗೇಟು ಮಾತ್ರ ಮುಚ್ಚಿಲ್ಲ. ಜೂನ್ ಬರುವುದರೊಳಗೆ ಅರ್ಧ ಪುಸ್ತಕ ಮುಗಿಸುತ್ತಾರಂತೆ, ಆಮೇಲೆ ಬರೀ ಟೆಸ್ಟು. ಮೊನ್ನೆ ತಗಡಿನ ಶೀಟಿನ ಕೆಳಗೆ ಕೂರಿಸಿದ್ದಾಗ ತಲೆ ಸುತ್ತಿ ಬಿದ್ದಳು. ಹೆದರಬೇಡ, ಈಗ ಸರಿಯಾಗಿದ್ದಾಳೆ. ಒಂದು ದಿನ ಮನೆಯಲ್ಲಿರು ಅಂದರೆ, 'ಪೋರ್ಷನ್ ಮಿಸ್ ಆಗಿಡುಂ ಅಮ್ಮಾ', ಪಾಠ ತಪ್ಪಿಹೋಗುತ್ತೆ ಎಂದು ಅಳುತ್ತಾಳೆ. ಅವಳಿಗೆ ಬಿಸಿಲಿಗಿಂತ ಆ ಪೋರ್ಷನ್ನಿನ ಭಯ ಹೆಚ್ಚು. ನಾನು ಏನು ಹೇಳಲಿ? ನಾನು ಏಳರ ರಜೆಗೆ ಅಂತ ಸೋದರತ್ತೆಯ ಮನೆಗೆ ಹೋದವಳು, ಅವರ ಬಾಣಂತನ, ಆಮೇಲೆ ಮಗುವಿನ ಆರೈಕೆ, ಆ ರಜೆ ಮುಗಿಯಲೇ ಇಲ್ಲವಲ್ಲ. ಹಾಗಾಗಿ ರಜೆ ಬೇಕು ಎಂದು ಜೋರಾಗಿ ಕೇಳಲು ನನ್ನ ಬಾಯಿಗೆ ಬರುವುದಿಲ್ಲ. ನಿಮ್ಮಲ್ಲಿ ಕೌಸಲ್ಯಾಳ ಮಗಳು ಶ್ರೀವಿದ್ಯಾಗೆ ಆಗಲೇ ರಜೆ ಬಂದಿರುತ್ತದೆ, ಜೂನಿನವರೆಗೆ ಅಂಗಳದಲ್ಲಿ ಕುಂಟಾಬಿಲ್ಲೆ. ಇಬ್ಬರಿಗೂ ಒಂದೇ ವಯಸ್ಸು, ಇವಳು ಮಾತ್ರ ಮುದುಕಿಯ ಹಾಗೆ ಬೆನ್ನು ಬಗ್ಗಿಸಿಕೊಂಡು ನಡೆಯುತ್ತಾಳೆ.

ಈಗ ಕಣ್ಣಿನ ಮಾತು. ಹೋದ ಬೇಸಿಗೆಯೂ ಸ್ಪೆಷಲ್ ಕ್ಲಾಸ್ ಎಂದು ಅವಳಿಗೆ ಬರಲಾಗಲಿಲ್ಲ, ನೀನು 'ಮಗು ಬರಲಿ, ಆಮೇಲೆ' ಎಂದು ಪೊರೆ ತೆಗೆಸುವುದನ್ನು ಮುಂದೂಡಿದೆ, ನವರಾತ್ರಿಯ ಹೊತ್ತಿಗೆ ಎಡಗಣ್ಣು ಹೋಯಿತು. ಬಲಗಣ್ಣಿನಲ್ಲೂ ಈಗ ಬಾಗಿಲ ಬೆಳಕು, ಮನುಷ್ಯರ ನೆರಳು, ಅಷ್ಟೇ ಎಂದು ಕೌಸಲ್ಯಾ ಬರೆದಿದ್ದಳು. ಇನ್ನು ತಡ ಮಾಡಿದರೆ ಇದೂ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದು ನನ್ನ ತಲೆಯಲ್ಲಿ ಗಿರಣಿಯ ಹಾಗೆ ತಿರುಗುತ್ತಿದೆ. ಛತ್ರದಲ್ಲಿ ಕಣ್ಣಿನ ಶಿಬಿರ ಮೇ ಮೊದಲ ವಾರವೇ. ನಾನು ಬರುತ್ತೇನೆಂದರೆ ಬೇಡ ಅನ್ನುತ್ತೀಯ: 'ನೀನು ಬಂದ್ರೆ ಡಾಕ್ಟರು ಮೊದಲು ನಿನ್ನನ್ನೇ ಮಲಗಿಸಬೇಕಾಗುತ್ತೆ.' ಅದೂ ನಿಜವೇ, ಸೂಜಿ ಕಂಡರೇ ನನಗೆ ಕಣ್ಣು ಕತ್ತಲಾಗುತ್ತದೆ. ನಿನಗೆ ಪಾವನಾಳ ಕೈಯೇ ಬೇಕು. ನಿನ್ನ ಪಾದಕ್ಕೆ ಗಾಜು ಹೊಕ್ಕ ವರ್ಷ ಅವಳು ಎರಡು ತಿಂಗಳು ನಿನ್ನ ಜೊತೆಗಿದ್ದಳಲ್ಲ. ಡಾಕ್ಟರು ಇಕ್ಕಳ ಹಾಕಿದಾಗ ನಿನ್ನ ಕಿರುಬೆರಳು ಹಿಡಿದುಕೊಂಡು ಏಳರ ಮಗ್ಗಿ ಹೇಳಿದಳು, ಒಂದೊಂದು ಸಾಲಿಗೆ ಒಂದೊಂದು ಸಲ ಒತ್ತುತ್ತ. ಮಗ್ಗಿ ಮುಗಿಯುವುದರೊಳಗೆ ಗಾಜು ಹೊರಗೆ. ಅವತ್ತಿನಿಂದ ನಿನಗೆ ಅದೇ ಅರಿವಳಿಕೆ.

ಹೆಡ್‌ಮಿಸ್ಟ್ರೆಸ್‌ ಅವರನ್ನು ಹೋಗಿ ಕೇಳಿದ್ದೇನೆ. ನೋಡೋಣ ಅಂದಿದ್ದಾರೆ. ಅವಳು ಬರುತ್ತಾಳಮ್ಮ. ರಾತ್ರಿ ಟ್ರೈನಿಗೆ ಕೂರಿಸಿದರೆ ಮೈಸೂರಿನಲ್ಲಿ ಇಳಿದು ನೇರವಾಗಿ ಛತ್ರಕ್ಕೇ ಬರುತ್ತಾಳೆ. ನೀನು ಮನೆಯಲ್ಲಿ ಕಾಯುತ್ತ ಕೂರಬೇಡ. ಕೌಸಲ್ಯಾ ಜೊತೆ ಹೊರಟುಬಿಡು, ಹೆಸರು ಕೂಗಿದ ತಕ್ಷಣ ಒಳಗೆ ಹೋಗು. ಅವಳು ನಿನ್ನ ಪಕ್ಕದಲ್ಲಿರುತ್ತಾಳೆ. ನನ್ನಾಣೆ ಇದೆ, ಈ ಸಲ ಮುಂದೂಡಬೇಡ.

ಇವರು ನಮಸ್ಕಾರ ಹೇಳಿದ್ದಾರೆ. ಪಾವನಾಳೂ ಹೇಳಿದ್ದಾಳೆ. ದೇವರ ಮುಂದೆ ದೀಪ ಹಚ್ಚುವಾಗ ಸೆರಗು ಜೋಪಾನ, ಕೌಸಲ್ಯಾಳನ್ನೇ ಹಚ್ಚಲು ಹೇಳು.

ನಿನ್ನ ಮಗಳು,
ಸೀತಾ

ಮರೆತಿದ್ದೆ: ಕೌಸಲ್ಯಾ, ಇಲ್ಲಿಂದ ಮುಂದೆ ಬಾಯಿಬಿಟ್ಟು ಓದಬೇಡ. 'ಸೀತಾ ಮತ್ತೊಮ್ಮೆ ಜೋಪಾನ ಅಂದಿದ್ದಾಳೆ' ಎಂದು ಹೇಳಿ ಕಾಗದ ಮಡಿಚಿಬಿಡು. ಪಾವನಾ ಬರುವುದಿಲ್ಲ. ಹೆಡ್‌ಮಿಸ್ಟ್ರೆಸ್ ತಲೆಯೆತ್ತದೆ, 'ಪಾಟಿ ತಾತಾ ಎಲ್ಲಾಂ ಅಡುತ್ತ ವರುಷಂ ಪಾತ್ತುಕಲಾಂ' ಅಂದರು. ಅಜ್ಜಿ ತಾತನನ್ನೆಲ್ಲ ಮುಂದಿನ ವರ್ಷ ನೋಡಿಕೊಳ್ಳಬಹುದಂತೆ. ಹೋಗಲೇಬೇಕಾದರೆ ಟಿ.ಸಿ. ತೆಗೆದುಕೊಂಡು ಹೋಗಿ ಅಂದರು. ಮುಂದಿನ ವರ್ಷ ಹತ್ತು ಮುಗಿದರೆ ಹನ್ನೊಂದರ ಪಾಠ, ಆಮೇಲೆ ಹನ್ನೆರಡು, ಇದು ಮುಗಿಯುವುದಲ್ಲ. ನಿಜ ತಿಳಿದರೆ ಅಮ್ಮ ಜಾಗ ಬಿಟ್ಟು ಏಳುವುದಿಲ್ಲ. ಅದಕ್ಕೆ ಬೇಡಿಕೊಳ್ಳುತ್ತೇನೆ, ನಿನ್ನ ಶ್ರೀವಿದ್ಯಾಳನ್ನು ಛತ್ರಕ್ಕೆ ಕರೆದುಕೊಂಡು ಹೋಗಿ ಅಮ್ಮನ ಪಕ್ಕ ನಿಲ್ಲಿಸು. ಕಿರುಬೆರಳು ಹಿಡಿದು ಮಗ್ಗಿಯ ಲೆಕ್ಕದಲ್ಲಿ ಒತ್ತಿದರೆ ಸಾಕು. ಕಟ್ಟು ಬಿಚ್ಚಿದ ಮೇಲೆ ಬೈಗುಳವೆಲ್ಲ ನನಗಿರಲಿ. ಬಾಯಿ ತೆರೆದರೆ ಧ್ವನಿ ಗೊತ್ತಾಗುತ್ತದೆ, ಅವಳಿಗೆ ಮಾತಾಡಬೇಡ ಅನ್ನು. ಮಾತಿಲ್ಲದ್ದಕ್ಕೆ ಅಮ್ಮ ಅನುಮಾನ ಪಡುವುದಿಲ್ಲ. ಹೋದ ದೀಪಾವಳಿಗೆ ಫೋನಿನಲ್ಲಿ ಅಮ್ಮ ಅಷ್ಟು ಹೊತ್ತು ಕೂಗಿದರೂ, ಪಾವನಾ ರಿಸೀವರ್ ಹಿಡಿದುಕೊಂಡು ಕನ್ನಡದಲ್ಲಿ ಏನು ಹೇಳಬೇಕೆಂದು ತಿಳಿಯದೆ ಸುಮ್ಮನೆ ನಿಂತಿದ್ದಳು.