ಬಸ್ಯಾನ ಕುರ್ಚಿಗೆ ಹೊಂದಿಸಿದ ಸದ್ದು

ಬಳ್ಳಾರಿ
18 ಆಗಸ್ಟ್ 2024, ಭಾನುವಾರ

ಊರ ಜನರ ಮುಂದೆ ಮರಿಬಸಪ್ಪ, ನನ್ನ ಪಾಲಿಗೆ ಬಸ್ಯಾ,

ನಿನ್ನ ಶರಣಾರ್ಥಿ, ನನ್ನ ಜೈಭೀಮ್, ಎರಡೂ ಈ ಕಾಗದದಲ್ಲಿ ಒಟ್ಟಿಗೇ ಇರಲಿ. ನಾವಿಲ್ಲಿ ಕ್ಷೇಮ. ಸಿರುಗುಪ್ಪದಲ್ಲಿ ನೀನು, ಜಂಬಮ್ಮ ಅತ್ತಿಗೆ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು, ಉತ್ತರ ಬರೆಯಲಿಲ್ಲ. ತಪ್ಪಾಯಿತು. ಬರೆಯದೇ ಕೂತಿದ್ದೆ ಅಂದುಕೊಳ್ಳಬೇಡ. ಮೂರು ಸಲ ಬರೆದೆ, ಮೂರು ಸಲವೂ ಹರಿದೆ. ನನ್ನ ಹೆಂಡತಿ ಹೊನ್ನೂರಮ್ಮ ಕಸ ಗುಡಿಸುತ್ತಾ, "ಯಾರಿಗೆ ಲಗ್ನಪತ್ರಿಕಿ ಬರಿಯಾಕತ್ತೀರಿ, ಇಷ್ಟು ಹಾಳಿ ಹರಿಯಾಕ?" ಅಂದಳು. ಈ ನಾಲ್ಕನೆಯದನ್ನು ಹರಿಯುವುದಿಲ್ಲ. ನಿನಗೊಂದು ಮಾತು ಹೇಳುವುದಿದೆ, ಅದನ್ನು ಹೇಳಿಯೇ ಮುಗಿಸುತ್ತೇನೆ.

ಫೋನ್ ಮಾಡಬಹುದಿತ್ತು ಅನ್ನುತ್ತೀಯ. ಬಲಗಿವಿ ಹೋಗಿ ಮೂವತ್ತೆಂಟು ವರ್ಷವಾಯಿತು, ಈಗ ಎಡಗಿವಿಯೂ ಮಂದವಾಗುತ್ತಿದೆ, ಡಾಕ್ಟರು ಹೆಚ್ಚು ದಿನದ ಭರವಸೆ ಕೊಟ್ಟಿಲ್ಲ ಅಂತ ನೀನೇ ಬರೆದಿದ್ದೀಯ. ಫೋನಿನಲ್ಲಿ ನಿನಗೆ ಅರ್ಧ ಕೇಳುತ್ತದೆ, ಉಳಿದರ್ಧಕ್ಕೆ "ಹಾಂ, ಹಾಂ" ಅಂದುಬಿಡುತ್ತೀಯ. ನಾನು ಹೇಳಬೇಕಾದ ಮಾತಿಗೆ ನೀನು ಹಾಗೆ ಹಾಂ ಹಾಂ ಅಂದರೆ ನನಗೆ ತಡೆಯಲಾಗುವುದಿಲ್ಲ.

ಮೊದಲು ಸುದ್ದಿ ಹೇಳುತ್ತೇನೆ. ಮಗಳು ನಂದಿನಿಯ ಮನೆ ಮುಗಿಯಿತು. ಇಂಜಿನಿಯರಮ್ಮ ತನ್ನ ಮನೆ ತಾನೇ ಕಟ್ಟಿಸುವಾಗ ಮೇಸ್ತ್ರಿಗಳ ಪಾಡು ಕೇಳಬೇಡ, ಒಂದು ಗೋಡೆ ಎರಡು ಸಲ ಕೆಡವಿಸಿದಳು. ಮಹಡಿಯ ಮೇಲೆ ಸಿನಿಮಾ ನೋಡಲು ಅಂತಲೇ ಒಂದು ಕೋಣೆ ಮಾಡಿಸಿದ್ದಾಳೆ. ಸುತ್ತ ಏಳು ಸ್ಪೀಕರ್ ಬಾಕ್ಸು, ತಲೆಯ ಮೇಲೆ ನಾಲ್ಕು. "ಅಪ್ಪಾ, ಪರದಿ ನಾ ನೋಡ್ಕೊಂತೀನಿ, ಸದ್ದು ನಿಂದು. ರಿಸೀವರ್ ನೀನಾ ಆರಿಸು" ಅಂದಳು. ರಿಸೀವರ್ ಅಂದರೆ ಏನೋ ಎಂತೋ ಅಂದುಕೊಳ್ಳಬೇಡ, ನಮ್ಮ ಆಂಪ್ಲಿಫೈಯರೇ. ನಮ್ಮದು ಮಾಳಿಗೆಯ ಮೇಲೆ ಕಟ್ಟುವ ಎರಡು ಹಾರ್ನಿಗೆ ಒಂದೇ ಸದ್ದು ಕೊಡುತ್ತಿತ್ತು. ಇದು ಹನ್ನೊಂದು ಬಾಕ್ಸಿಗೆ ಹನ್ನೊಂದು ಥರ ಹಂಚುತ್ತದೆ. ಪರದೆಯ ಮೇಲೆ ಲಾರಿ ಎಡದಿಂದ ಬಲಕ್ಕೆ ಹೋದರೆ ಸದ್ದೂ ಅದರ ಹಿಂದೆಯೇ ಹೋಗುತ್ತದೆ.

ಬಳ್ಳಾರಿಯ ಅಂಗಡಿಗೆ ಎದೆಯುಬ್ಬಿಸಿಕೊಂಡೇ ಹೋದೆ. ಅಲ್ಲಿ ಇದನ್ನೆಲ್ಲಾ ತೋರಿಸುವವಳು ಹೇಮಾ ಅಂತ ಒಬ್ಬಳು ಹುಡುಗಿ. "ಬರ್ರಿ ಅಜ್ಜಾರ" ಅಂದಳು. ನನಗೆ ಮೈಯುರಿಯಿತು. "ಕುರುಗೋಡಿನಾಗ ಮೂವತ್ತು ವರ್ಷ ಮೈಕ್ ಸೆಟ್ ನಡೆಸಿದಾಂವ ಅದೀನಿ. ಎಷ್ಟು ವಾಟು, ಅದನ್ನ ಹೇಳಮ್ಮ" ಅಂದೆ. ಅವಳು ನಕ್ಕು, "ಈ ಪೆಟ್ಟಿಗಿ ಮ್ಯಾಲ ಬರ್ದಿರೋ ವಾಟು ಬರೇ ಎರಡು ಬಾಕ್ಸ್ ಹಾಡಿದಾಗಿಂದು ರೀ. ಹನ್ನೊಂದೂ ಕೂಡಿ ಹಾಡಿದಾಗ ಎಷ್ಟು ಉಳಿತೈತಿ ಅಂತ ಕೇಳ್ರಿ" ಅಂದಳು. ಇದೇ ಪ್ರಶ್ನೆ ನಿನ್ನ ಬಾಯಲ್ಲಿ ಮೊದಲೇ ಬರುತ್ತಿತ್ತು ಬಸ್ಯಾ. ನಮ್ಮಿಬ್ಬರಲ್ಲಿ ಕಿವಿ ಇದ್ದವನು ನೀನು. ನನಗಿದ್ದದ್ದು ಬರೇ ಗಂಟಲು.

ಮೂರು ರಿಸೀವರ್ ತೋರಿಸಿದಳು. ಮೂರಕ್ಕೂ ಬೆರಳುದ್ದದ ಒಂದೊಂದು ಮೈಕು. ಅದನ್ನು ನಾವು ಕೂರುವ ಕುರ್ಚಿಯಲ್ಲಿ, ಕಿವಿಯ ಎತ್ತರಕ್ಕೆ ನಿಲ್ಲಿಸಬೇಕಂತೆ. ಆಮೇಲೆ ಯಾರೂ ಉಸಿರೆತ್ತಬಾರದು. ಒಂದೊಂದೇ ಬಾಕ್ಸು ಝುಂಯ್ ಅನ್ನುತ್ತದೆ, ಮೈಕು ಕೇಳಿಸಿಕೊಳ್ಳುತ್ತದೆ, ಆ ಒಂದು ಕುರ್ಚಿಗೆ ಎಲ್ಲ ಸದ್ದೂ ಸಮವಾಗಿ ಬರುವ ಹಾಗೆ ರಿಸೀವರ್ ತಾನೇ ಹೊಂದಿಸಿಕೊಳ್ಳುತ್ತದೆ. ಹೇಮಾ ಕೇಳಿದಳು, "ಮುಖ್ಯ ಕುರ್ಚ್ಯಾಗ ಯಾರು ಕುಂದರ್ತಾರ್ರಿ?"

ನಂದಿನಿಯ ಹೆಸರು ಹೇಳಬೇಕಿತ್ತು, ಮನೆ ಅವಳದು. ನನ್ನ ಬಾಯಿಂದ ಬಂದದ್ದು, "ಬಲಗಿವಿ ಕೇಳದಾಂವ ಒಬ್ಬ ಅದಾನ."

ಹುಡುಗಿ ಮೊದಲೆರಡರ ಸ್ವಿಚ್ ಆರಿಸಿ ಪಕ್ಕಕ್ಕೆ ಸರಿಸಿದಳು. ಅವು ಒಂದೇ ಹೊಂದಿಕೆ ನೆನಪಿಡುತ್ತವಂತೆ. ಮೂರನೆಯದು ಎರಡು ಹೊಂದಿಕೆ ಇಟ್ಟುಕೊಳ್ಳುತ್ತದೆ, ಮನೆಯವರಿಗೆ ಒಂದು, ಬೇಕಾದವರಿಗೆ ಇನ್ನೊಂದು. ಅದರಲ್ಲಿ ಬಲಗಡೆಯ ಬಾಕ್ಸುಗಳನ್ನು ಬೇರೆಯಾಗಿ ಏರಿಸಬಹುದು, ಆಗ ಬಲಗಡೆಯ ಮಾತು ತಲೆ ಬಳಸಿ ಎಡಗಿವಿಗೆ ಬಂದು ಮುಟ್ಟುತ್ತದೆ. ನಾನು ಇನ್ನೊಂದನ್ನೂ ಕೇಳಿದೆ, "ಸ್ವಿಚ್ ಹಚ್ಚಿದ ಕೂಡ್ಲೇ ಒಮ್ಮಿಗೇ ಕಿರುಚಬಾರ್ದು. ಅದಕ್ಕೇನರ ಐತೇನು?" ಐತ್ರಿ ಅಂದಳು. ಹಚ್ಚಿದಾಗ ಸದ್ದು ಎಷ್ಟಿರಬೇಕು, ಎಷ್ಟು ದಾಟಬಾರದು ಅಂತ ಮೊದಲೇ ಕಟ್ಟಿಡಬಹುದಂತೆ. ಯಾರು ಗುಂಡಿ ತಿರುವಿದರೂ ಅದರ ಮೇಲೆ ಹೋಗುವುದಿಲ್ಲ. ಅದನ್ನು ನನ್ನ ಕಣ್ಣೆದುರಿಗೇ ನಾಲ್ಕು ಸಲ ಮಾಡಿಸಿ ನೋಡಿದೆ. "ಯಾಕ್ರಿ ಇಷ್ಟು ಅಂಜ್ತೀರಿ?" ಅಂದಳು. ಇನ್ನೊಂದು ಸಲ ಹಚ್ಚಮ್ಮ ಅಂದೆ.

ಮೂರನೆಯದೇ ಮನೆಗೆ ಬಂತು. ದೊಡ್ಡದು, ಭಾರದ್ದು. "ಮೂಗಿಗಿಂತ ಮೂಗುತಿ ಭಾರ ಆತು" ಅಂದಳು ಹೊನ್ನೂರಮ್ಮ. ಅವಳಿಗೇನು ಗೊತ್ತು! ನಾನು ಬಲಗಿವಿಗೆ ಗಟ್ಟಿಯಾಗಿ ಹತ್ತಿ ತುರುಕಿ, ಮೇಲೊಂದು ಟವೆಲ್ಲು ಸುತ್ತಿಕೊಂಡು ಎಂಟು ದಿನ ಮಧ್ಯಾಹ್ನ ಆ ಕುರ್ಚಿಯಲ್ಲಿ ಕೂತು ಬಾಕ್ಸು ಹೊಂದಿಸಿದೆ. ಮೊದಲ ದಿನ ಬಲಗಡೆಯ ಲೋಕವೇ ಇರಲಿಲ್ಲ. ಆ ಕಡೆಯಿಂದ ಹೊನ್ನೂರಮ್ಮ ಬಂದು ಚಹ ಇಟ್ಟು ಹೋದದ್ದೂ ತಿಳಿಯಲಿಲ್ಲ, ಆರಿದ ಮೇಲೆ ನೋಡಿದೆ. ನಿನ್ನ ಜೊತೆ ನಡೆಯುವಾಗ ಇಷ್ಟು ವರ್ಷ ನಿನ್ನ ಎಡಕ್ಕೇ ನಡೆದವನು ನಾನು, ಆದರೂ ನಿನಗೆ ಹೀಗಿರುತ್ತದೆ ಅಂತ ಗೊತ್ತಿರಲಿಲ್ಲ. ಅವತ್ತು ಒಬ್ಬನೇ ಕೂತು ಅತ್ತೆ. ಅದನ್ನು ನಿನ್ನಿಂದ ಯಾಕೆ ಮುಚ್ಚಿಡಲಿ.

ಎಂಟನೆಯ ದಿನ ಸರಿಹೋಯಿತು. ಸಿನಿಮಾದಲ್ಲಿ ಬಲಗಡೆ ಮೂಲೆಯ ಬಾಗಿಲು ಕಿರ್ರೆಂದರೆ ಎಡಗಿವಿಗೂ ಅದು ಬಾಗಿಲೇ ಅನ್ನಿಸಿತು. ಪಕ್ಕದಲ್ಲಿ ಕೂತವರಿಗೆ ಮಾತ್ರ ಸದ್ದೆಲ್ಲ ಒಂದು ಕಡೆ ವಾಲಿದ ಹಾಗೆ ಕೇಳುತ್ತದೆ. ಹೊನ್ನೂರಮ್ಮ ಎರಡು ನಿಮಿಷ ಕೂತು, "ನಾಕು ಮಂದಿ ಹೊರೋ ಪಲ್ಲಕ್ಕಿ ಒಬ್ಬನಾ ಹೊತ್ತಂಗ ಆಗೇತಿ" ಅಂದು ಎದ್ದುಹೋದಳು. ನಂದಿನಿ ಸೊಂಟದ ಮೇಲೆ ಕೈಯಿಟ್ಟು, "ಮನಿ ನಂದು, ಕುರ್ಚಿ ಮಾತ್ರ ದೊಡ್ಡಪ್ಪಂದೇನಪ್ಪಾ?" ಅಂತ ಜಬರಿಸಿದಳು. ಆಮೇಲೆ ರಿಮೋಟ್ ತಗೊಂಡು ಆ ಎರಡನೆಯ ಹೊಂದಿಕೆಗೆ ಹೆಸರು ಹಾಕಿದಳು. ಹಚ್ಚಿದರೆ ಪರದೆಯ ಮೇಲೆ "ಬಸಪ್ಪ ದೊಡ್ಡಪ್ಪ" ಅಂತ ಬರುತ್ತದೆ.

ನೀನೋ, ಮನೆ ನೋಡಲು ಬಾ ಅಂತ ಕರೆದದ್ದಕ್ಕೆ ಕಾಗದದಲ್ಲಿ ಏನು ಬರೆದಿದ್ದೀಯ ನೋಡು. "ಮಗಳು ಮನಿ ಕಟ್ಟಸಾಕತ್ತಿದ್ದು ಬಾಳ ಸಂತೋಷ. ಆದ್ರ ನಾ ಬಂದು ಏನ್ ಮಾಡ್ಲಿ? ಕಿವುಡನ ಮುಂದ ಶಂಖ ಊದಿದಂಗ." ಓದಿ ಸಿಟ್ಟು ಬಂತು. ಎಂಬತ್ತಾರರಲ್ಲಿ ಕುರುಗೋಡಿನ ಮೇಲಿನ ಓಣಿಯ ಮದುವೆಯಲ್ಲಿ ಕಿವಿ ಹೋದ ಮೇಲೆ ನೀನು ಹಾಡು ಕೇಳುವುದನ್ನೇ ಬಿಟ್ಟೆ. ಇಬ್ಬರದೂ ಆಗಿದ್ದ ಸೆಟ್ಟನ್ನು "ನೀನಾ ಇಟ್ಕಳಲೇ" ಅಂತ ನನಗೇ ಬಿಟ್ಟು, ಸಿರುಗುಪ್ಪದ ಅಕ್ಕಿ ಗಿರಣಿ ಸೇರಿದೆ. ಆ ಗದ್ದಲದಲ್ಲಿ ಕಿವಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಅಂದೆ. ಆ ಸೆಟ್ಟಿನ ದುಡಿಮೆಯಲ್ಲೇ ನಂದಿನಿ ಓದಿದ್ದು. ಆಮೇಲೂ ಮೈಕಿನವರು ಎಲ್ಲೇ ಸಿಗಲಿ, "ನನ್ನಂಗ ಸ್ವಿಚ್ ಆರಿಸೋದು ಮರ್ತು ಹಾರ್ನ್ ಕಟ್ಟಾಕ ಮಾಳಿಗಿ ಹತ್ತಬ್ಯಾಡ್ರಿ" ಅಂತ ನಗುತ್ತಾ ಬುದ್ಧಿ ಹೇಳುತ್ತಿದ್ದೆ. ಪಕ್ಕದಲ್ಲಿ ನಿಂತು ನಾನೂ ನಗುತ್ತಿದ್ದೆ.

ಎಡಗಿವಿಯಲ್ಲಿ ಇನ್ನೂ ಎಷ್ಟು ಉಳಿದಿದೆಯೋ ಅಷ್ಟು ಸಾಕು. ಅದು ಹೋಗುವ ಮುಂಚೆ ಒಂದು ಸಲ ಬಂದು ಆ ಕುರ್ಚಿಯಲ್ಲಿ ಕೂತು ಕೇಳು. ನೀನು ಕೇಳದೆ ಆ ಕೋಣೆಯ ಸದ್ದು ನನಗೆ ಸೇರುವುದಿಲ್ಲ. ಸೆಪ್ಟೆಂಬರ್ ಒಂದನೇ ತಾರೀಖು ಭಾನುವಾರ ಬೆಳಗಿನ ಬಸ್ಸಿಗೆ ಅತ್ತಿಗೆಯನ್ನು ಕರೆದುಕೊಂಡು ಬಾ. ನಾನು ಬಸ್‌ಸ್ಟ್ಯಾಂಡಿಗೆ ಬಂದಿರುತ್ತೇನೆ. ಹೊನ್ನೂರಮ್ಮ ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾಡುತ್ತೇನೆ ಅಂದಿದ್ದಾಳೆ. ಖಾರ ಕಡಿಮೆ ಮಾಡು ಅಂತ ನಾನು ಹೇಳುವುದಿಲ್ಲ, ನಿನ್ನ ಪರವಾಗಿ ಬೈಸಿಕೊಳ್ಳಲು ನನಗೆ ವಯಸ್ಸಾಯಿತು.

ಅತ್ತಿಗೆಗೆ ನಮಸ್ಕಾರ ಹೇಳು. ನಿನ್ನ ಮನೆಯ ಮಕ್ಕಳು ಮೊಮ್ಮಕ್ಕಳೆಲ್ಲ ನೂರು ವರ್ಷ ಬಾಳಲಿ, ನಿನ್ನ ಮುಪ್ಪು ತಣ್ಣಗಿರಲಿ.

ನಿನ್ನ
ಮಾರೆಣ್ಣ

ತಾ.ಕ.: ಹರಿದು ಹಾಕಿದ ಮೂರು ಕಾಗದದಲ್ಲೂ ಇದೊಂದೇ ಮಾತಿತ್ತು. ಆ ದಿನ ಸ್ವಿಚ್ ಆರಿಸುವುದನ್ನು ನೀನು ಮರೆತಿರಲಿಲ್ಲ. ಆರಿಸಿಯೇ ಮಾಳಿಗೆ ಹತ್ತಿದ್ದೆ. ಹಚ್ಚಿದವನು ನಾನು.

ಯಾವತ್ತೂ ಹಾರ್ನ್ ಕಟ್ಟಲು ಹತ್ತುವವನು ನಾನು, ಆಂಪ್ಲಿಫೈಯರ್ ಮುಂದೆ ಕೂರುವವನು ನೀನು. ಅವತ್ತು ಆ ಮನೆಯ ಯಜಮಾನ, "ಮಾರ್ಯಾ ನಮ್ಮ ಮಾಳಿಗಿ ಹತ್ತಂಗಿಲ್ಲ" ಅಂದ. ಯಾಕೆ ಅಂತ ಇಬ್ಬರಿಗೂ ಗೊತ್ತಿತ್ತು. ನೀನು ವೈರಿನ ಸುರುಳಿಯನ್ನು ನನ್ನ ಹೆಗಲಿಂದ ತೆಗೆದು ನಿನ್ನ ಹೆಗಲಿಗೆ ಹಾಕಿಕೊಂಡು ಹತ್ತಿದೆ. ನಾನು ಬಾಗಿಲಾಚೆ, ಬಂಡಿಯ ಮೇಲೆ, ಆಂಪ್ಲಿಫೈಯರ್ ಮುಂದೆ ಕೂತಿದ್ದೆ. ನನ್ನ ಕಾಲು ಬೇಡವಾದ ಮಾಳಿಗೆಯ ಮೇಲಿಂದ ನನ್ನ ದನಿಯನ್ನಾದರೂ ಆ ಓಣಿಗೆಲ್ಲ ಕೇಳಿಸುತ್ತೇನೆ ಅನ್ನಿಸಿತು. "ಆತು, ಇನ್ನ ಸದ್ದು ಬಿಡಲೇ" ಅಂತ ನೀನು ಕೂಗುವ ಮೊದಲೇ ಸ್ವಿಚ್ ಹಚ್ಚಿ ಮೈಕು ಬಾಯಿಗೆ ಹಿಡಿದೆ. ದನಿ ಬರಲಿಲ್ಲ. ಕಿವಿ ಸೀಳುವ ಕೂಗು ಬಂತು. ಹಾರ್ನಿನ ಬಾಯಿಯನ್ನು ತಬ್ಬಿ ತಿರುಗಿಸುತ್ತಿದ್ದವನು ನೀನು.

ಕಿವಿ ಹಿಡಿದುಕೊಂಡು ನೀನು ಇಳಿದು ಬರುವಾಗ ಆ ಮನೆಯ ಗಂಡಸರು ನನ್ನ ಕಡೆ ಬರುತ್ತಿದ್ದರು. ಯಾರೂ ಕೇಳುವ ಮೊದಲೇ ನೀನು ಅಂದೆ, "ತಪ್ಪು ನಂದು. ಸ್ವಿಚ್ ಆರಿಸೋದು ಮರ್ತು ಹತ್ತಿದ್ದೆ." ಅವರು ನಿಂತರು. ನಾನು ಸುಮ್ಮನಿದ್ದೆ. ಇವತ್ತಿನವರೆಗೂ ಸುಮ್ಮನಿದ್ದೆ.

ನೀನು ನಿಜವಾಗಿ ಹಾಗೆ ನಂಬಿದ್ದರೆ, ಈಗ ಗೊತ್ತಾಯಿತು. ಒಂದನೇ ತಾರೀಖು ಬರುವುದೂ ಬಿಡುವುದೂ ನಿನಗೆ ಬಿಟ್ಟದ್ದು, ಬರದಿದ್ದರೆ ಯಾಕೆ ಅಂತ ಕೇಳುವುದಿಲ್ಲ. ಆದರೆ ಎಲ್ಲ ತಿಳಿದೇ ಹಾಗೆ ಅಂದಿದ್ದರೆ, ಬಸ್ಯಾ, ಮೂವತ್ತೆಂಟು ವರ್ಷ ನನ್ನ ಮುಂದೆ ಹೇಗೆ ನಕ್ಕೆಯೋ?